ದೋಷವಿಲ್ಲದ ಕಾರು

ಹಯಗ್ರೀವನ ಫಜೀತಿ ಶುರುವಾದದ್ದು ಒಂದು ಲೋಟ ಕಾಫಿಯಿಂದ. ಯುರೋಪಿನ ಕಂಪನಿಯೊಂದು ತನ್ನ ಪುಟ್ಟ ಕಾರನ್ನು ಅಮೆರಿಕಕ್ಕೆ ತರಲು ಹೊರಟಿತ್ತು. ಇಲ್ಲಿಯ ಜನ ಏನನ್ನುತ್ತಾರೆಂದು ತಿಳಿಯುವುದು ಟೆಕ್ಸಾಸಿನ ಪ್ಲೇನೋ ಊರಿನ ಆಫೀಸಿನಲ್ಲಿ ಅವನ ಕೆಲಸ. ಆ ಕಾರಿನಲ್ಲಿ ಲೋಟ ಇಡಲು ಜಾಗವೇ ಇರಲಿಲ್ಲ. ಕಾರಿರುವುದು ಓಡಿಸುವುದಕ್ಕೆ, ಕಾಫಿ ಕುಡಿಯುವುದಕ್ಕಲ್ಲ ಎಂದು ಅಲ್ಲಿಯ ಎಂಜಿನಿಯರುಗಳ ಹಟ.

ಆ ಶನಿವಾರ ಹೆಡ್ಡಾಫೀಸಿನಿಂದ ಮಾರ್ಟಿನ್ ಬರುವವನಿದ್ದ. ಪ್ಲೇನೋ ಆಫೀಸು ಇರಬೇಕೋ ಮುಚ್ಚಬೇಕೋ ಅವನೇ ಹೇಳಬೇಕು. ಮುಚ್ಚಿದರೆ ಹಯಗ್ರೀವನ ಕೆಲಸ ಹೋಗುತ್ತದೆ, ಹಿಂದೆಯೇ ವೀಸಾ, ಅದರ ಹಿಂದೆ ಹತ್ತಿರದ ಊರು ಲಿಟಲ್ ಎಲ್ಮ್‌ನಲ್ಲಿ ಈಚೆಗೆ ಕೊಂಡ ಮನೆ. ಕಾರು ಓಡಿಸಿ ನೋಡಿ ಅವನಿಗೆ ಅಭಿಪ್ರಾಯ ಹೇಳಲು ಜನ ಬೇಕಲ್ಲ? ಬಿಸಿಬೇಳೆಬಾತಿನ ಆಸೆ ತೋರಿಸಿ ಪರಿಚಯದ ಕನ್ನಡದವರನ್ನೇ ಬೆಳಿಗ್ಗೆ ಮನೆಗೆ ಕರೆದಿದ್ದ.

ಮೊದಲು ಹೊರಟವರು ಪಕ್ಕದ ಮನೆಯ ಪುಟ್ಟಸ್ವಾಮಿ ಅಂಕಲ್. ಹೈವೇ ಹತ್ತುವಷ್ಟರಲ್ಲಿ ತೊಡೆ ನಡುವೆ ಹಿಡಿದಿದ್ದ ಕಾಫಿ ಪ್ಯಾಂಟಿಗೆಲ್ಲ ಚೆಲ್ಲಿತು.

"ಅಯ್ಯಯ್ಯೋ, ಸುಟ್ಟೋಯ್ತಲ್ಲಯ್ಯಾ! ಪಕ್ಕದಲ್ಲಿ ಒಂದು ಟ್ರಕ್ ಹೋದ್ರೆ ಕಾರೇ ನಡುಗುತ್ತೆ. ಇದ್ಯಾವನಯ್ಯಾ ಮಾಡಿದ್ದು?"

ಆಮೇಲೆ ಕೂತವರು ಧಾರವಾಡದ ಗೋದಾವರಿ ಆಂಟಿ. ಟೆಕ್ಸಾಸಿನ ಆಗಸ್ಟ್ ಬಿಸಿಲು. "ಇದರಾಗ ಏಸಿ ಅದ ಏನ್ರಿ? ಮೂಲ್ಯಾಗ ಕೂತು ಯಾರೋ ಉಫ್ ಅಂತ ಊದಿಧಂಗ ಆಗ್ತದ. ಡಿಕ್ಕಿಯೊಳಗ ಅಕ್ಕಿ ಚೀಲ ಹಿಡ್ಯೂದಿಲ್ಲ, ಸೀಟಿನ ಮ್ಯಾಲೆ ಇಟ್ರ ನಮ್ಮತ್ತಿಯವರನ್ನ ಮನ್ಯಾಗೇ ಬಿಟ್ಟು ಬರಬೇಕು. ಅದೊಂದ ಛಲೋ ಅದ ನೋಡ್ರಿ."

ಮಾರ್ಟಿನ್ ಎದುರು ಇದನ್ನೇ ಹೇಳಿದರೆ ತನ್ನ ಕತೆ ಮುಗಿಯಿತೆಂದುಕೊಂಡ ಹಯಗ್ರೀವ. ಹೆಂಡತಿ ಸುಚೇತಾಳನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದ. ಅವಳು ಹೊರಬಂದು ಎಲ್ಲರಿಗೂ ಕೈಮುಗಿದಳು.

"ಹೆಡ್ಡಾಫೀಸಿನವ್ರು ಬಂದು ಕೇಳಿದಾಗ ದಯವಿಟ್ಟು ಒಳ್ಳೇದೇ ಹೇಳಿ. ಇವ್ರ ಕೆಲ್ಸದ ಪ್ರಶ್ನೆ."

"ಅಲ್ಲಮ್ಮಾ, ನಮ್ಮ ಹುಡುಗನ ಅನ್ನಕ್ಕೆ ನಾವೇ ಕಲ್ಲು ಹಾಕ್ತೀವಾ?" ಎಂದರು ಪುಟ್ಟಸ್ವಾಮಿ. ಪ್ಯಾಂಟು ಒಣಗುವವರೆಗೆ ಅವರು ಹಯಗ್ರೀವನ ಪಂಚೆ ಸುತ್ತಿಕೊಂಡಿದ್ದರು.

ಮಧ್ಯಾಹ್ನ ಮಾರ್ಟಿನ್ ಬಂದ. ಹೊಗಳಿಕೆಯ ಸುರಿಮಳೆಯೇ ಆಯಿತು. ಡ್ರೈವ್ ಮಾಡುವಾಗ ಕಾಫಿ ಕುಡಿಯುವುದೇ ಕೆಟ್ಟ ಅಭ್ಯಾಸ ಎಂದರು ಪುಟ್ಟಸ್ವಾಮಿ. ಗೋದಾವರಿ ಆಂಟಿಯಂತೂ ಏಸಿಯಿಂದ ನೆಗಡಿ ಹಿಡಿಯಿತೆಂದು ಆ ಸೆಕೆಯಲ್ಲೂ ಶಾಲು ಹೊದ್ದು ಸೀನಿದರು. ಮಾರ್ಟಿನ್ ಮುಖ ಮಾತ್ರ ಇಳಿಯುತ್ತ ಹೋಯಿತು.

"ಏನೂ ಬದಲಾಯಿಸಬೇಕಾಗಿಲ್ಲವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಏನೂ ಬೇಡ!"

"ಹಾಗಾದರೆ ನಿಮ್ಮಲ್ಲಿ ಯಾರು ಕೊಳ್ಳುತ್ತೀರಿ?"

ಪುಟ್ಟಸ್ವಾಮಿ ಪಂಚೆ ಸರಿಮಾಡಿಕೊಂಡರು. ಗೋದಾವರಿ ಆಂಟಿಗೆ ಮಗನನ್ನು ಕೇಳಬೇಕಿತ್ತು. ಉಳಿದವರು ತಟ್ಟೆ ನೋಡಿದರು.

ಮಾರ್ಟಿನ್ ಹಯಗ್ರೀವನನ್ನು ಹೊರಗೆ ಕರೆದ. "ನಿನ್ನ ಆಫೀಸು ಇದ್ದದ್ದೇ ಇಲ್ಲಿಯವರ ತಕರಾರು ಕೇಳಿ ಕಾರನ್ನು ತಿದ್ದಿಸುವುದಕ್ಕೆ. ಅದಕ್ಕೆ ಕಂಪನಿಯ ದೊಡ್ಡವರನ್ನೆಲ್ಲ ಒಪ್ಪಿಸಿ ಬಂದಿದ್ದೆ. ಆಫೀಸು ಉಳಿಸಲು ಒಂದೇ ಒಂದು ತಕರಾರು ಸಾಕಿತ್ತು. ಕಾರಿನಲ್ಲಿ ದೋಷವಿಲ್ಲ, ಆದರೂ ಯಾರಿಗೂ ಬೇಡ ಎಂದರೆ ದೋಷ ನಿನ್ನದೆಂದೇ ಅವರು ಹೇಳುತ್ತಾರೆ. ಸೋಮವಾರ ಆಫೀಸಿನ ಕೀಲಿ ಕೊಟ್ಟುಬಿಡು."

ಕಾಲೆಳೆದುಕೊಂಡು ಒಳಗೆ ಬಂದ ಹಯಗ್ರೀವನನ್ನು ಎಲ್ಲರೂ ಮುತ್ತಿಕೊಂಡರು.

"ಹೆಂಗೆ? ಉಳಿಸಿದ್ವೋ ಇಲ್ವೋ ನಿನ್ನ ಕೆಲ್ಸಾನ?" ಪುಟ್ಟಸ್ವಾಮಿ ಬೆನ್ನು ತಟ್ಟಿದರು.

ಅಷ್ಟೊಂದು ಪ್ರೀತಿಯ ಮುಖಗಳನ್ನು ನೋಡಿ ನಿಜ ಹೇಳಲು ಅವನಿಗೂ ಬಾಯಿ ಬರಲಿಲ್ಲ.

"ಉಳೀತು ಅಂಕಲ್" ಎಂದ.