ಹಕ್ಕಿಯ ಸಿಡುಬು ತೆಗೆದದ್ದು

ಇದ್ದದ್ದನ್ನು ಇದ್ದ ಹಾಗೆ ನೋಡುವವರು ಕೆಲವರು, ನೋಡುತ್ತಲೇ ತಿದ್ದುವವರು ಕೆಲವರು. ನಾನು ಎರಡನೆಯ ಜಾತಿಯವನು, ಅದರಿಂದಲೇ ಹೊಟ್ಟೆ ಹೊರೆದವನು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಕುಂದಾಪುರದ ಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ಫೋಟೋದ ಗಾಜಿನ ಪ್ಲೇಟಿನ, ಅಂದರೆ ನೆಗೆಟಿವಿನ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮುಖದ ಕಪ್ಪು ಕಲೆಗಳನ್ನು ಮಾಯ ಮಾಡುವುದು ನನ್ನ ವಿದ್ಯೆ. ಬ್ರಹ್ಮಾವರದಿಂದ ಬೈಂದೂರಿನ ತನಕ ಎಷ್ಟು ಕನ್ಯೆಯರ ಸಿಡುಬಿನ ಕಲೆ ನನ್ನ ಕೈಯಲ್ಲಿ ವಾಸಿಯಾಯಿತೋ ದೇವರೇ ಬಲ್ಲ. ಫೋಟೋ ಮೆಚ್ಚಿ ಹೆಣ್ಣು ನೋಡಲು ಹೋದ ಬೈಂದೂರಿನ ಗಂಡೊಬ್ಬ, ಹುಡುಗಿ ಎದುರಿಗೆ ಬಂದು ಕಾಫಿ ಕೊಟ್ಟ ಮೇಲೂ "ಹೆಣ್ಣ್ ಯಾವಾಗ ಬತ್ತ್?" ಎಂದು ಕೇಳಿದನಂತೆ. ನಾನು ಅದನ್ನು ಪ್ರಶಸ್ತಿ ಎಂದೇ ತಿಳಿದಿದ್ದೆ.

ಇಂಥ ನನ್ನ ಬಳಿಗೆ ಹೆಮ್ಮಾಡಿಯ ಡ್ರಾಯಿಂಗ್ ಮಾಸ್ತರರು ಮಂಜಯ್ಯನವರು ಒಂದು ಹಕ್ಕಿಯನ್ನು ತಂದರು. ಹಕ್ಕಿಯನ್ನಲ್ಲ, ತಾವೇ ತೆಗೆದ ಅದರ ಫೋಟೋದ ಪ್ಲೇಟನ್ನು. ಹೊಳೆ ಬದಿಯ ಬೈಲಿಗೆ ಹೊಸದೊಂದು ಹಕ್ಕಿ ಬರುತ್ತದೆ ಎಂದು ಅವರು ಹೇಳಿದರೆ ಊರಿನಲ್ಲಿ ಎಲ್ಲರೂ ನಗುತ್ತಿದ್ದರು. "ಮದ್ರಾಸಿನ ಹಕ್ಕಿ ಪಂಡಿತರೊಬ್ರಿಗೆ ಕಳ್ಸೂದ್. ನಾನ್ ಹುಚ್ಚ ಅಲ್ಲ ಅಂಬುಕೆ ಇದೊಂದೇ ಸಾಕ್ಷಿ. ಧೂಳಿನ ಚುಕ್ಕಿ ತೆಗ್ದ್, ಸಹಜವಾಯಿ ಕಾಂಬ್ಹಾಂಗ್ ಮಾಡಿ" ಎಂದರು. ಪ್ಲೇಟು ಸಿಗುವುದೇ ದುರ್ಲಭವಾದ ಕಾಲ, ಇದ್ದದ್ದು ಅದೊಂದೇ. ನಮ್ಮ ಕಸುಬಿನಲ್ಲಿ ಗಿರಾಕಿ ಸಹಜ ಎಂದರೆ, ಚಂದ ಮಾಡಿ ಆದರೆ ಗೊತ್ತಾಗಬಾರದು ಎಂದರ್ಥ. ನಾನು ಎರಡು ದಿನ ಕೂತು ಒಂದು ಚುಕ್ಕಿಯನ್ನೂ ಬಿಡದೆ ಹಕ್ಕಿಯನ್ನು ಮದುವೆಗೆ ಸಿದ್ಧಮಾಡಿದೆ.

ಪ್ಲೇಟಿನಿಂದ ತೆಗೆದ ಪ್ರತಿಯನ್ನು ಮಾಸ್ತರರು ಬೆಳಕಿಗೆ ಹಿಡಿದರು. "ಹ್ವಾಯ್, ಇದ್ ಯಾರ್ ಹಕ್ಕಿ?"

"ನಿಮ್ದೇ."

"ನನ್ ಹಕ್ಕಿಗೆ ಎದಿ ತುಂಬ ಚುಕ್ಕಿ ಇತ್ತ್ ಮಾರಾಯ್ರೆ! ಎಂತ ಮಾಡಿದ್ರಿ?"

ಬೈದಿದ್ದರೆ ವಾಸಿಯಿತ್ತು. ಅವರು ಪ್ರತಿಯನ್ನು ಮಗುಚಿ ಹಿಂಬದಿಯಲ್ಲೂ ಚುಕ್ಕಿ ಹುಡುಕಿದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಪುಣ್ಯಕ್ಕೆ ಪೆನ್ಸಿಲ್ ಗೀರು ಟರ್ಪಂಟೈನಿಗೆ ಅಳಿಸಿಹೋಗುತ್ತದೆ. ಪ್ಲೇಟನ್ನು ಒರೆಸಿ ಮತ್ತೊಂದು ಪ್ರತಿ ತೆಗೆದೆ. ಚುಕ್ಕಿಗಳೆಲ್ಲ ಬಂದವು, ಜೊತೆಗೆ ಧೂಳಿನವೂ ಬಂದವು. ಎದೆಯವು ಹಕ್ಕಿಯವು ಸರಿ, ಹೊಟ್ಟೆಯ ಮೇಲಿನ ನಾಲ್ಕು ಯಾರವು? ಹೊಟ್ಟೆ ಬಿಳಿಯಾಗಿದ್ದರೆ ಅಪೂರ್ವದ ಹಕ್ಕಿ, ಚುಕ್ಕಿ ಇದ್ದರೆ ದಿನಾ ಕಾಣುವ ಹಕ್ಕಿ ಎಂದು ಪಂಡಿತರು ಬರೆದಿದ್ದರಂತೆ. ಕಣ್ಣಾರೆ ಕಂಡವರು ನೀವಲ್ಲವೇ ಎಂದು ಕೇಳಿದೆ. ಕ್ಯಾಮರಾದ ಹಿಂದಿನ ಗಾಜಿನಲ್ಲಿ ಎಲ್ಲವೂ ಬುಡಮೇಲಾಗಿ ಕಾಣುತ್ತದಲ್ಲ, ಮಾಸ್ತರರು ತಲೆ ಕೆರೆದುಕೊಂಡು, "ನಾನ್ ಕಂಡದ್ದ್ ತಲೆಕೆಳ್ಗಾಯಿ. ಎದಿ ಯಾವ್ದ್, ಹೊಟ್ಟಿ ಯಾವ್ದ್ ಅಂದೇಳಿ ಈಗ ನಂಗೂ ಸಮ ನೆನಪಿಲ್ಲೆ" ಎಂದರು. ನನ್ನ ತಲೆಯೂ ಕೆಟ್ಟಿತು. ಆ ಸಂಜೆ ಹೆಂಡತಿಯ ಗಲ್ಲದ ಮಚ್ಚೆ ಕೂಡ ಧೂಳಿರಬಹುದೇ ಎಂಬ ಅನುಮಾನ ಬಂದು, ಒರೆಸಲು ಹೋಗಿ ಬೈಸಿಕೊಂಡೆ.

"ನಾಳೆ ಬೆಳಿಗ್ಗೆ ಬೈಲಿಗೆ ಹೋಪ. ನನ್ನ ಕಣ್ಣ್ ಮಂಜ್, ನೀವೇ ಕಾಣಿ" ಎಂದಿದ್ದರು ಮಾಸ್ತರರು. ಹೋದೆವು. ಮಂಡಿಯವರೆಗೆ ಕೆಸರಿನಲ್ಲಿ, ತೆಂಗಿನ ಗರಿಯ ಮರೆಯಲ್ಲಿ ಕೂತೆವು. ಕೊನೆಗೂ ಹಕ್ಕಿ ಬಂದು ಎದುರಿನ ಗೂಟದ ಮೇಲೆ ಕೂತಿತು. ಜೀವಮಾನದಲ್ಲಿ ಮೊದಲ ಸಲ ನಾನೊಂದು ಹಕ್ಕಿಯನ್ನು ಮನಸ್ಸಿಟ್ಟು ನೋಡಿದೆ. ಎಷ್ಟು ಚಂದ! ಕೊಕ್ಕು ಮಾತ್ರ ತುಸು ಡೊಂಕು. ಮೇಲಿಂದೊಂದು ಗೀರು, ಕೆಳಗಿಂದೊಂದು ಗೀರು ಎಳೆದರೆ ಸರಿಹೋದೀತು, ಹಾಗೆಯೇ ಕಣ್ಣಿಗೂ ಒಂದಿಷ್ಟು ಬೆಳಕು ಕೊಡಬಹುದು ಎಂದು ಲೆಕ್ಕ ಹಾಕುತ್ತಿರುವಾಗಲೇ ಹಕ್ಕಿ ಹಾರಿಹೋಯಿತು.

ಮಾಸ್ತರರು ನನ್ನ ತೋಳು ಹಿಡಿದು, "ಕಂಡ್ರ್ಯಾ? ಹೊಟ್ಟಿ ಮೇಲೆ ಚುಕ್ಕಿ ಇತ್ತಾ?" ಎಂದರು.

ಹೊಟ್ಟೆಯನ್ನು ನಾನು ನೋಡಿಯೇ ಇರಲಿಲ್ಲ. ನನ್ನ ನೆನಪಿನಲ್ಲಿ ಕೊಕ್ಕು ಮಾತ್ರ ಬಹಳ ನೆಟ್ಟಗಿತ್ತು.