ಊದಿನಕಡ್ಡಿ ಚುಚ್ಚಿದ ತೂತು

ನಮ್ಮ ಓಣಿಯಲ್ಲಿ ಈಗ ಚಾಲ್ತಿಯಲ್ಲಿರುವ ಕಥೆ ಹೀಗಿದೆ: ನಾನು ಕಟ್ಟಿದ ಗಿಟಾರ್ ಪೆಡಲ್ ಮೂಕಾಗಿ ಕೂತಿತ್ತು, ಅವ್ವ ಅದಕ್ಕೆ ಊದಿನಕಡ್ಡಿ ಹಚ್ಚಿದಳು, ಅದು ಬಾಯಿ ಬಿಟ್ಟಿತು. ಗೋವೆಯ ಈ ಉಸಗಾಂವದಲ್ಲಿ ಹಾಲು ತರಲು ಹೋದರೂ ಇದನ್ನು ನನಗೇ ಹೇಳುತ್ತಾರೆ, ನಾನು ಅಲ್ಲಿ ಇರಲೇ ಇಲ್ಲವೇನೋ ಎಂಬಂತೆ. ಕಥೆಯಲ್ಲಿ ಒಂದು ಸುಳ್ಳೂ ಇಲ್ಲ ಅನ್ನುವುದೇ ನನ್ನ ಕಷ್ಟ. ನಡೆದದ್ದೆಲ್ಲ ಖರೆ, ನಡೆದ ಕ್ರಮವೂ ಖರೆ, ತೀರ್ಮಾನ ಮಾತ್ರ ತಪ್ಪು. ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಅನ್ನುವ ಇಂಥ ವಾದಗಳನ್ನು ಫೋಂಡಾದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ನಿಂತಲ್ಲೇ ಹರಿದು ಹಾಕುತ್ತಿದ್ದೆ. ಗೆದ್ದು ತಂದ ಕಪ್ಪುಗಳಲ್ಲಿ ಅವ್ವ ಸಾಸಿವೆ, ಜೀರಿಗೆ ಹಾಕಿಟ್ಟಿದ್ದಾಳೆ. ನನ್ನ ವಾದಶಕ್ತಿಗೆ ಮನೆಯಲ್ಲಿರುವ ಬೆಲೆ ಅಷ್ಟು.

ಪೆಡಲ್ ಅಂದರೆ ಸೈಕಲ್ಲಿನದಲ್ಲ. ಗಿಟಾರಿಗೂ ಸ್ಪೀಕರಿಗೂ ನಡುವೆ ಇಡುವ ಡಬ್ಬಿ. ಕಾಲಿನಿಂದ ಗುಂಡಿ ಒತ್ತಿದರೆ ಸಾಧುವಾಗಿದ್ದ ಗಿಟಾರು ಹಲ್ಲು ಕಡಿಯತೊಡಗುತ್ತದೆ. ಡಬ್ಬಿಗೆ ಎರಡು ತೂತು, ಅವುಗಳಿಗೆ ಜ್ಯಾಕ್ ಅನ್ನುತ್ತಾರೆ. ಒಂದರೊಳಗೆ ಗಿಟಾರಿನ ವೈರು, ಇನ್ನೊಂದರೊಳಗೆ ಸ್ಪೀಕರಿನ ವೈರು. ಪಕ್ಕದ ಮನೆಯ ಆಗ್ನೆಲ್ ಅಂಕಲ್ ಮದುವೆಗಳಲ್ಲಿ ಗಿಟಾರು ನುಡಿಸುವವರು. ಅವರಿಗೆ ಅಂಥದ್ದೊಂದನ್ನು ನಾನೇ ಮಾಡಿಕೊಡುತ್ತೇನೆಂದು, ಅವರು ಕೇಳುವ ಮೊದಲೇ, ಮಾತು ಕೊಟ್ಟೆ. ಅಪ್ಪನ ಹಳೆಯ ಅಲ್ಯೂಮಿನಿಯಂ ಬುತ್ತಿಡಬ್ಬಿಗೆ ತೂತು ಕೊರೆದೆ. ಮೇಲೆ ಉಗುರುಬಣ್ಣದಿಂದ ಚೆಂದಗೆ ಬರೆದೆ: ಬಲದ ತೂತಿಗೆ ‘ಒಳಗೆ’, ಎಡದ್ದಕ್ಕೆ ‘ಹೊರಗೆ’. ಗಿಟಾರು ಒಳಗೆ, ಸ್ಪೀಕರು ಹೊರಗೆ. ಗೋವೆಯಲ್ಲಿ ಕನ್ನಡ ಉಳಿಸಲು ನನ್ನಿಂದಾದ ಸೇವೆ ಅದು.

ಜಗಳ ಹುಟ್ಟಿದ್ದು ಕುಂಕುಮದಿಂದ. ಖಂಡೇನವಮಿ ಬಂತೆಂದರೆ, ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿರುವ ಅಪ್ಪನ ಪಾನಾ ಇಕ್ಕಳಗಳಿಂದ ಹಿಡಿದು ಮಿಕ್ಸರಿನವರೆಗೆ ಅವ್ವ ಯಾವುದನ್ನೂ ಬಿಡುವುದಿಲ್ಲ. ಹಿಂದೊಮ್ಮೆ ನನ್ನ ಸೋಲ್ಡರಿಂಗ್ ಐರನ್ನಿನ ಮೂತಿಗೂ ಹಚ್ಚಿದ್ದಳು, ಅದು ಕಾದಾಗ ಮನೆಯೆಲ್ಲ ಕುಂಕುಮದ ಹೊಗೆ ತುಂಬಿತ್ತು. ಆದ್ದರಿಂದ ಈ ಸಲ ಪಂದ್ಯ ಕಟ್ಟಿದೆ.

“ದಸರಾ ಮುಗಿಯೂದ್ರೊಳಗ ಈ ಡಬ್ಬಿ ಹಾಡಿದ್ರ, ಇನ್ನ ಮ್ಯಾಲೆ ನನ್ನ ಸಾಮಾನಿಗೆ ನೀ ಕುಂಕುಮ ಹಚ್ಚಬಾರದು.”

“ಹಾಡಲಿಲ್ಲಂದ್ರ?” ಅಂದಳು ಅವ್ವ.

“ನೀ ಹೇಳಿದ್ದು.”

“ಹುಣ್ಣಿವಿಗೆ ನನ್ನ ಕೂಡ ಎಲ್ಲವ್ವನ ಗುಡ್ಡಕ್ಕ ಬರಬೇಕು. ತಲಿಮ್ಯಾಲೆ ಬುಟ್ಟಿ ಹೊತ್ತು ಉಧೋ ಉಧೋ ಅನಬೇಕು. ಮೆಲ್ಲಕ ಅಲ್ಲವ್ವಾ, ಚರ್ಚಾದಾಗ ಒದರತೀಯಲ್ಲ, ಹಂಗ.”

ತೀರ್ಪು ಹೇಳಲು ಅಪ್ಪ ಪಂಚರಾದರು. ದೇವರಿಲ್ಲ ಎಂದು ವೇದಿಕೆ ಮೇಲೆ ಮೇಜು ಗುದ್ದಿದವಳು ಬುಟ್ಟಿ ಹೊತ್ತದ್ದನ್ನು ಕಾಲೇಜಿನ ಗೆಳತಿಯರು ನೋಡಿದರೆ ಏನಾದೀತೆಂದು ನೆನೆದೇ ನನಗೆ ಬೆವರು ಬಂತು.

ಡಬ್ಬಿ ಹಾಡಲಿಲ್ಲ. ಗುಂಡಿ ಒತ್ತದಿದ್ದರೆ ಗಿಟಾರಿನ ಸಾದಾ ದನಿ ಆರಾಮಾಗಿ ದಾಟಿ ಹೋಗುತ್ತಿತ್ತು. ಒತ್ತಿದರೆ ಕೆಂಪು ದೀಪ ಹತ್ತಿ ದನಿ ಸತ್ತುಹೋಗುತ್ತಿತ್ತು. ಬೆಳಕುಂಟು, ಮಾತಿಲ್ಲ. ನಮ್ಮ ಸ್ಪರ್ಧೆಗಳಿಗೆ ಬರುತ್ತಿದ್ದ ಮುಖ್ಯ ಅತಿಥಿಗಳದ್ದು ಇದಕ್ಕೆ ಉಲ್ಟಾ. ಜ್ಯಾಕಿನ ಒಂದೊಂದು ವೈರನ್ನೂ ಕಿತ್ತು ಮತ್ತೆ ಬೆಸೆದೆ. ಬ್ಯಾಟರಿಯ ಮೇಲೆ ಸಂಶಯಪಟ್ಟೆ, ಜ್ಯಾಕ್ ಮಾರಿದ ಅಂಗಡಿಯವನ ಮೇಲೆ, ಅಂಕಲ್ಲರ ಗಿಟಾರಿನ ಮೇಲೆ, ಕೊನೆಗೆ ಗೋವೆಯ ಹಸಿಗಾಳಿಯ ಮೇಲೂ. ನನ್ನ ಮೇಲೆ ಮಾತ್ರ ಇಲ್ಲ. ಎದುರಾಳಿಯ ತಪ್ಪು ಹುಡುಕಲು ತರಬೇತಾದವರಿಗೆ ತಮ್ಮ ಕಡೆ ನೋಡುವುದನ್ನು ಯಾರೂ ಕಲಿಸಿರುವುದಿಲ್ಲ.

“ವಕೀಲಬಾಯಿ, ಕೇಸು ಎಲ್ಲೀತನಕ ಬಂತು?” ಅಪ್ಪ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದರು.

“ಸಾಕ್ಷಿ ಬಾಯಿ ಬಿಡವಲ್ದು, ಅಪ್ಪಾ.”

ಖಂಡೇನವಮಿಯ ಮುಂಜಾನೆ ಸ್ನಾನ ಮುಗಿಸಿ ಬಂದು ನೋಡಿದರೆ, ನನ್ನ ಡಬ್ಬಿ ಪಾನಾಗಳ ನಡುವೆ ಅರಿಶಿನ ಬಳಿದುಕೊಂಡು ಕೂತಿದೆ. ‘ಒಳಗೆ’ ಎಂಬ ತೂತಿನಲ್ಲಿ ಊದಿನಕಡ್ಡಿಯೊಂದು ತುಸು ವಾಲಿಕೊಂಡು ಹೊಗೆಯಾಡುತ್ತಿದೆ.

“ಅವ್ವಾ, ಏನಿದು?”

“ಕಡ್ಡಿ ಚುಚ್ಚಾಕ ಬಾಳಿಹಣ್ಣು ಉಳಿದಿಲ್ಲವ್ವಾ, ನಿನ್ನೆ ನಿಮ್ಮಪ್ಪ ತಿಂದ್ರು. ನಿನ್ನ ತೂತು ಚಲೋ ಆತು.”

ಅಷ್ಟರಲ್ಲಿ ಆಗ್ನೆಲ್ ಅಂಕಲ್ ಗಿಟಾರು ಹೊತ್ತು ಬಂದರು. ಸಂಜೆ ಅವರಿಗೊಂದು ಮದುವೆಯಿತ್ತು. “ಜಾಲೆಂ ಗೀ ಬಾಯ್?” ಆಯಿತೇನಮ್ಮ ಎಂದು ಕೇಳುತ್ತಲೇ ಡಬ್ಬಿಯ ಮುಂದೆ ಕೂತರು. ನನ್ನ ಕನ್ನಡ ಸೇವೆ ಅವರಿಗೆ ಓದಲು ಬರುವುದಿಲ್ಲ. ಒಂದು ತೂತಿನಲ್ಲಿ ಬೆಂಕಿ, ಇನ್ನೊಂದು ಖಾಲಿ. ಖಾಲಿಯಿದ್ದದ್ದಕ್ಕೆ ಗಿಟಾರಿನ ವೈರು ತುರುಕಿದರು. ಕಡ್ಡಿ ಉರಿದು ತೀರುವವರೆಗೂ ಅದನ್ನು ಮುಟ್ಟಲು ಅವ್ವ ಬಿಡಲಿಲ್ಲ. ಆಮೇಲೆ ತಾನೇ ಮೋಟು ತೆಗೆದು, ಬೂದಿ ಊದಿ, ಕೈಮುಗಿದಳು. ಉಳಿದ ತೂತಿಗೆ ನಾನು ಮುಖ ಊದಿಸಿಕೊಂಡು ಸ್ಪೀಕರಿನ ವೈರು ಸಿಕ್ಕಿಸಿದೆ. ಅಂಕಲ್ ಗುಂಡಿ ಒತ್ತಿ ತಂತಿ ಮೀಟಿದರು.

ಗೋಡೆಯ ಕ್ಯಾಲೆಂಡರು ನಡುಗಿತು. ಸ್ಟ್ಯಾಂಡಿನಲ್ಲಿದ್ದ ತಾಟುಗಳು ಚಪ್ಪಾಳೆ ತಟ್ಟಿದವು. ಎದುರು ಮನೆಯ ನಾಯಿ ತನಗೆ ಉತ್ತರ ಕೊಡುವವರು ಕಡೆಗೂ ಹುಟ್ಟಿದರೆಂದು ಊಳಿಟ್ಟಿತು. ಅಂಕಲ್ ಎದೆಯ ಮೇಲೆ ಶಿಲುಬೆ ಬರೆದುಕೊಂಡು “ದೇವ್ ಪಾವ್ಲೊ”, ದೇವರು ಒಲಿದ, ಎಂದರು. ನಾನು ಅವ್ವನ ಎರಡೂ ಕೈ ಹಿಡಿದು ಕುಣಿದೆ. ಕುಣಿದಾದ ಮೇಲೆ, ಕುಣಿದರೆ ಕಡ್ಡಿಯ ಮಹಿಮೆ ಒಪ್ಪಿ ಪಂದ್ಯ ಸೋತಂತಲ್ಲವೇ ಎಂದು ಹೊಳೆದು ಸ್ಕ್ರೂಡ್ರೈವರ್ ತಂದೆ.

ತಿರುಪು ಬಿಚ್ಚಿದ ಕೂಡಲೇ ಗೊತ್ತಾಯಿತು. ಡಬ್ಬಿಯನ್ನು ಮಗುಚಿಟ್ಟುಕೊಂಡು ನಾನು ಒಳಗಿನಿಂದ ವೈರು ಬೆಸೆದಿದ್ದೆ. ರವಿಕೆಯ ಒಳಮೈ ಹೊರಗೆ ಮಾಡಿದರೆ ಬಲತೋಳು ಎಡಕ್ಕೆ ಬರುವ ಹಾಗೆ, ಮಗುಚಿದ ಡಬ್ಬಿಯಲ್ಲಿ ನನ್ನ ಬಲ ಎಡವಾಗಿತ್ತು. ‘ಒಳಗೆ’ ಎಂದು ಬರೆದದ್ದು ಖರೆ ಅಂದರೆ ಹೊರಗೆ. ‘ಹೊರಗೆ’ ಎಂದದ್ದು ಒಳಗೆ. ಕಡ್ಡಿ ಒಂದು ತೂತನ್ನು ಅಡ್ಡಗಟ್ಟಿದ್ದರಿಂದ ಗಿಟಾರು ಸರಿಯಾದ ತೂತಿಗೆ ಹೋಗಿತ್ತು.

ಇದನ್ನೆಲ್ಲ ಅಪ್ಪನ ಮುಂದೆ ಡಬ್ಬಿ ಎತ್ತಿ, ಮಗುಚಿ, ತಿರುಗಿಸಿ ಸಾಬೀತು ಮಾಡಿದೆ. ಅರ್ಧದಲ್ಲಿ ನನ್ನ ವಾದದ ತಿರುಳು ನನಗೇ ಕೇಳಿಸಿತು: ದೇವಿ ಏನೂ ಮಾಡಿಲ್ಲ, ಯಾಕೆಂದರೆ ನಾನು ದಡ್ಡಿ. ಆದರೆ ಎತ್ತಿಕೊಂಡ ವಾದವನ್ನು ನಡುವೆ ಬಿಡುವ ರೂಢಿ ನನಗಿಲ್ಲ. ದನಿ ಏರಿಸಿದೆ.

“ಪಾಪ, ಕೂಸು ಅಷ್ಟ ಒದರಾಕತ್ತೈತಿ,” ಅಂದಳು ಅವ್ವ. “ದಡ್ಡಿ ಅಂತ ಒಪ್ಪಿಬಿಡ್ರಿ.”

ಅಪ್ಪ ಒಪ್ಪಿದರು. “ಡಬ್ಬಿ ಹಾಡೇತಿ, ಹಂಗಾಗಿ ಆಕಿ ಕುಂಕುಮ ಹಚ್ಚಂಗಿಲ್ಲ. ಆದ್ರ ಹಾಡಿಸಿದ್ದು ಆಕಿ ಕಡ್ಡಿ, ಹಂಗಾಗಿ ನೀ ಬುಟ್ಟಿ ಹೊರಬೇಕು.” ಇಂಥ ತೀರ್ಪನ್ನು ನಾನು ಯಾವ ಸ್ಪರ್ಧೆಯಲ್ಲೂ ಕಂಡಿರಲಿಲ್ಲ. ಮೇಲ್ಮನವಿಗೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಹುಣ್ಣಿಮೆಯ ದಿನ ಗುಡ್ಡ ಹತ್ತಿದೆ. ಉಧೋ ಎಂದು ಮೊದಲ ಸಲ ಒದರಿದಾಗ ಹಿಂದಿದ್ದವರೆಲ್ಲ ದನಿಗೂಡಿಸಿದರು. ನನ್ನ ಯಾವ ಭಾಷಣಕ್ಕೂ ಸಭೆ ಹಾಗೆ ಉತ್ತರಿಸಿದ್ದಿಲ್ಲ. ಆದ್ದರಿಂದ ಬೇಕಾದದ್ದಕ್ಕಿಂತ ಹೆಚ್ಚೇ ಒದರಿದೆನೆಂದು ಕಾಣುತ್ತದೆ. ಅರ್ಧ ದಾರಿಯಲ್ಲಿ ಅವ್ವ ನನ್ನ ತಲೆಯ ಮೇಲಿನ ಬುಟ್ಟಿ ಸರಿಮಾಡಲು ನಿಂತಳು. ಅಷ್ಟು ದಿನ ನುಂಗಿಕೊಂಡಿದ್ದದ್ದು ಆಗ ಬಾಯಿಗೆ ಬಂದೇಬಿಟ್ಟಿತು.

“ಅವ್ವಾ, ಎರಡು ತೂತಿದ್ದವು. ಎಡಕಿಂದು ನಿನ್ನ ಕೈಗೆ ಹತ್ತರನೂ ಇತ್ತು. ಅದಕ್ಕ ಚುಚ್ಚಿದ್ರ ಡಬ್ಬಿ ಹಾಡತಿರಲಿಲ್ಲ. ಅದನ್ನ ಬಿಟ್ಟು ನೀ ಬಲಕಿಂದಕ್ಕ ಯಾಕ ಚುಚ್ಚಿದಿ?”