ಹೂವಿನ ಹಾಸಿಗೆಯಲ್ಲಿ ಮಲಗಿದ ಎಳ್ಳು

ಹಾಡಲು ಬಾರದವನು ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಹೆದರುತ್ತಾನೆ. ಈಜು ಬಾರದವನು ಮಲಪ್ರಭೆಯ ದಂಡೆಯಲ್ಲೇ ಕುಳಿತು ತಂಬಿಗೆಯಿಂದ ಸ್ನಾನ ಮುಗಿಸುತ್ತಾನೆ. ಆದರೆ ಮುಖದ ಮೇಲೆ ಮೂಗೊಂದಿದ್ದರೆ ಸಾಕು, ಪ್ರತಿಯೊಬ್ಬನೂ ತಾನು ಸುಗಂಧದ ಪಾರಖಿ ಎಂದು ತಿಳಿದುಕೊಂಡಿರುತ್ತಾನೆ. ನಾನೂ ಹಾಗೆಯೇ ತಿಳಿದುಕೊಂಡಿದ್ದೆ. ಆ ತಿಳಿವಳಿಕೆಯಿಂದಲೇ ತಂಗಿ ಗಂಗಾಳ ಲಗ್ನಕ್ಕೆ ಅತ್ತರು ತರುವ ಕೆಲಸವನ್ನು ಯಾರೂ ಹೇಳದಿದ್ದರೂ ಮೈಮೇಲೆ ಹಾಕಿಕೊಂಡೆ. ಊರಿಗೆ ಬಂದಿದ್ದ ತಿರುಗಾಡಿ ಅತ್ತರಿನವನ ಹತ್ತಿರ ಹದಿನಾರು ಕುಪ್ಪಿ ಮೂಸಿ, ಹದಿನೇಳನೆಯದನ್ನು ಆರಿಸಿದೆ. ಹದಿನಾರು ಮೂಸಿದ ಮೇಲೆ ಮೂಗು ಸತ್ತಿರುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಬೀಗರು ರಾಮದುರ್ಗದವರು. ಅದು ಸಂಸ್ಥಾನದ ಊರು. ಅಲ್ಲಿಯವರ ಮೂಗು ನಮ್ಮದಕ್ಕಿಂತ ಒಂದು ಬೆರಳು ಮೇಲೆಯೇ. ಪಾನಸುಪಾರಿಯ ಹೊತ್ತಿಗೆ ಅವರೆಲ್ಲರ ಕೈಗೆ ನಾನೇ ಧಾರಾಳವಾಗಿ ಅತ್ತರು ಸವರಿದೆ. ಊಟಕ್ಕೆ ಕೂತಾಗ ಅದರ ನಿಜಗುಣ ಹೊರಬಿತ್ತು. ಕೈ ತೊಳೆದಷ್ಟೂ ಕಂದೀಲಿಗೆ ಹಾಕುವ ಘಾಸಲೇಟ್ ಎಣ್ಣೆಯ ವಾಸನೆ! ತುತ್ತು ಬಾಯಿಯ ಹತ್ತಿರ ಬಂದು ಹಾಗೆಯೇ ಎಲೆಗೆ ವಾಪಸಾಗುತ್ತಿತ್ತು. ಲಗ್ನವೇನೋ ಮುಗಿಯಿತು, ಅತ್ತರು ಮಾತ್ರ ಮುಗಿಯಲಿಲ್ಲ. ದೀಪಾವಳಿಗೆ ತವರಿಗೆ ಬಂದ ಗಂಗಾ ಹೇಳಿದಳು: ದಿನಾ ಸಂಜೆ ಅವಳ ಅತ್ತೆ ಭಾಗೀರಥಿಬಾಯಿ, "ಗಂಗಾ, ಕಂದೀಲದಾಗ ಎಣ್ಣಿ ತೀರೇದ ನೋಡು. ನಿಮ್ಮ ಅಣ್ಣನ ಅತ್ತರ ಉಳದಿದ್ರ ಒಂದಿಷ್ಟು ಹಾಕು" ಎನ್ನುತ್ತಾರಂತೆ. ಇಡೀ ಮನೆ ನಗುತ್ತದಂತೆ. ಹೇಳುವಾಗ ಗಂಗಾ ತಾನೂ ನಕ್ಕಳು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ನನ್ನ ಮೂಗಿನ ಸಲುವಾಗಿ ತಂಗಿ ಅಳುವುದು ನನಗೆ ತಡೆಯಲಾಗಲಿಲ್ಲ. ಬರುವ ಸಂಕ್ರಾಂತಿಗೆ ರಾಮದುರ್ಗವೇ ಬೆರಗಾಗುವಂಥ ಸುಗಂಧವನ್ನು ನನ್ನ ಕೈಯಿಂದಲೇ ಮಾಡಿ ಒಯ್ಯುತ್ತೇನೆಂದು ಅಂದೇ ಆಣೆ ಮಾಡಿದೆ.

ನನ್ನ ಹತ್ತಿರ ಇದ್ದ ವಿದ್ಯೆಯೆಂದರೆ ಅಜ್ಜಿ ಹೇಳುತ್ತಿದ್ದ ಒಂದು ಕತೆ. ಬಡ ಗಾಣಿಗರ ಹುಡುಗಿಯೊಬ್ಬಳು ಎಳ್ಳನ್ನು ಹನ್ನೆರಡು ದಿನ ಹೂವಿನ ಹಾಸಿಗೆಯಲ್ಲಿ ಮಲಗಿಸಿದಳಂತೆ. ಹದಿಮೂರನೆಯ ದಿನ ಎದ್ದ ಎಳ್ಳು ತಾನೇ ಹೂವೆಂದು ತಿಳಿದುಕೊಂಡಿತಂತೆ. ಅದರ ಎಣ್ಣೆಯ ಪರಿಮಳ ಅರಮನೆಗೆ ಹೋಗಿ, ರಾಜ ಅದರ ಬೆನ್ನು ಹತ್ತಿ ಬಂದು, ಅವಳು ರಾಣಿಯಾದಳಂತೆ. "ಎಳ್ಳಿಗೆ ಹೊದಿಕೀ ಇತ್ತೇನಜ್ಜಿ?" ಎಂದು ನಾನು ಪ್ರತಿಸಲ ಕೇಳುತ್ತಿದ್ದೆ. "ಅದೂ ಹೂವಿಂದ" ಎನ್ನುತ್ತಿದ್ದಳು. ಮುನವಳ್ಳಿಯ ಸಾಲಿಮಾಸ್ತರನಾದ ನನಗೆ ಇಷ್ಟು ವಿಜ್ಞಾನ ಸಾಕಾಗಿತ್ತು. ಗಾಣಿಗರ ಬಸಪ್ಪನಿಗೆ ಒಂದು ಬಟ್ಟಲು ಎಳ್ಳು ತೋರಿಸಿ ವಿಚಾರಿಸಿದೆ. "ಮಾಸ್ತರ, ಇಷ್ಟು ಹಾಕಿದ್ರ ಗಾಣಾನ ಎಲ್ಲಾ ಕುಡಿದು ಬಿಡತೈತ್ರಿ. ನಿಮಗ ಹಿಂಡಿ ಅಷ್ಟ ಸಿಗತೈತಿ" ಎಂದ. ಹೀಗಾಗಿ ಅವ್ವ ಹಬ್ಬಕ್ಕೆಂದು ತೊಳೆದು, ಸಿಪ್ಪೆ ತೆಗೆದು, ಒಣಗಿಸಿ ಇಟ್ಟಿದ್ದ ಬಿಳಿ ಎಳ್ಳನ್ನೆಲ್ಲ ಸದ್ದಿಲ್ಲದೆ ಒಂದು ಗಡಿಗೆಗೆ ಸುರುವಿಕೊಂಡು ಅಟ್ಟಕ್ಕೆ ಏರಿಸಿದೆ. ಒಂದು ಪದರು ಗುಲಾಬಿ, ಒಂದು ಪದರು ಎಳ್ಳು, ನಡುವೆ ನಾಲ್ಕು ಕಡ್ಡಿ ಮರುಗ. ದಿನಾ ಹಳೆಯ ಹೂ ತೆಗೆದು ಹೊಸದು ಹಾಸುವುದು. ದೇವರಿಗೆಂದು ಹೇಳಿ ಊರ ಗುಲಾಬಿಯನ್ನೆಲ್ಲ ಬೇಡಿ ತಂದೆ. ಆ ಹನ್ನೆರಡು ದಿನ ಮುನವಳ್ಳಿಯ ದೇವರುಗಳು ಬರಿಯ ತುಳಸಿಯ ಮೇಲೆ ಕಾಲ ಕಳೆದರು.

ಹದಿಮೂರನೆಯ ದಿನ ಶಾಲೆ ಬಿಟ್ಟ ಕೂಡಲೇ ಗಾಣಕ್ಕೆ ಒಯ್ಯಬೇಕೆಂದು ಓಡಿ ಬಂದೆ. ಅಟ್ಟದಲ್ಲಿ ಗಡಿಗೆಯಿಲ್ಲ. ಕೆಳಗೆ ಅವ್ವ ಶೆಗಡಿಯ ಕೆಂಡದ ಮೇಲೆ ಪರಾತ ಇಟ್ಟು, ಎಳ್ಳಿನ ಮೇಲೆ ಸಕ್ಕರೆಪಾಕ ಹನಿಹನಿಯಾಗಿ ಬಿಡುತ್ತ ಬೆರಳಿಂದ ಆಡಿಸುತ್ತಿದ್ದಳು. ನನ್ನ ಸುಗಂಧಕ್ಕೆ ಬೆಳ್ಳಗೆ ಸಕ್ಕರೆಯ ಮುಳ್ಳು ಬರುತ್ತಿತ್ತು!

"ಅವ್ವಾ, ಇದೇನ ಮಾಡಿದಿ?"

"ಕುಸರೆಳ್ಳು. ಗಂಗಾನ ಮೊದಲನೇ ಸಂಕ್ರಮಣ, ಒಡವಿ ಮಾಡಲಿಕ್ಕೆ ಬ್ಯಾಡೇನು? ಯಾವ ಪುಣ್ಯಾತ್ಮ ಗಡಿಗ್ಯಾಗ ಹೂವಿನ ಕಸಾ ತುಂಬಿದ್ದನೋ! ಕೇರಿ ಕೇರಿ ರಟ್ಟಿ ಹೋದ್ವು."

ಆ ಪುಣ್ಯಾತ್ಮ ಬಾಯಿ ಮುಚ್ಚಿಕೊಂಡು ನಿಂತ. ತಿಂದು ನೋಡೆಂದು ಕೊಟ್ಟರೆ ಸಿಟ್ಟಿನಿಂದ ತಿನ್ನಲಿಲ್ಲ. ಹನ್ನೆರಡು ದಿನ ಗುಲಾಬಿಯಲ್ಲೇ ಮೂಗಿಟ್ಟವನಿಗೆ ವಾಸನೆಯಂತೂ ಏನೂ ತಿಳಿಯಲಿಲ್ಲ. ಹಬ್ಬದ ಹಿಂದಿನ ದಿನ ಕುಸುರೆಳ್ಳಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರಾಮದುರ್ಗಕ್ಕೆ ಚಕ್ಕಡಿ ಹತ್ತಿದೆ. ಸುಗಂಧವಿಲ್ಲದೆ ಆ ಮನೆಗೆ ಹೊರಟ ನನಗೆ ದಾರಿಯುದ್ದಕ್ಕೂ ಕಂದೀಲವೇ ಕಾಣುತ್ತಿತ್ತು.

ಭಾಗೀರಥಿಬಾಯಿ ಡಬ್ಬಿ ತೆರೆದರು. ಒಂದು ಕಾಳು ಬಾಯಿಗೆ ಹಾಕಿಕೊಂಡರು. ಆಮೇಲೆ ನಾಲ್ಕು ಹಾಕಿಕೊಂಡರು. ಬಾಗಿಲ ಹಿಂದೆ ಗಂಗಾ ಸೆರಗಿನ ತುದಿಯನ್ನು ಹಗ್ಗದಂತೆ ಹೊಸೆಯುತ್ತಿದ್ದಳು.

"ಇದನ್ನ ಯಾರ ಮಾಡ್ಯಾರ?" ಎಂದರು.

"ನಮ್ಮ ಅವ್ವ" ಎಂದು ತಡಮಾಡದೆ ಹೆತ್ತ ತಾಯಿಯನ್ನು ಹಿಡಿದುಕೊಟ್ಟೆ.

"ಅಯ್ಯ, ಬಾಯಾಗ ಗುಲಾಬಿ ಅರಳಿಧಂಗ ಆತಲ್ರಿ ಮಾಸ್ತರ! ನಮ್ಮ ರಾಮದುರ್ಗದಾಗ ಇಂಥಾದ್ದು ಯಾರೂ ತಿಂದಿಲ್ಲ."

"ಅಂದರ, ಅದರಾಗಿನ ಸುಗಂಧ ಎಲ್ಲಾ ನಂದ ರೀ" ಎಂದೆ.

ಮರುದಿನ ಆ ಕುಸುರೆಳ್ಳನ್ನು ದಾರಕ್ಕೆ ಪೋಣಿಸಿ, ಹೊಸ ಸೊಸೆಗೆ ಸರ, ಬಳೆ, ಬೈತಲೆಮಣಿ ಮಾಡಿ ತೊಡಿಸಿ ಕೂಡಿಸಿದರು. ಓಣಿಯ ಹೆಂಗಸರು ಬಂದು ಅವಳನ್ನು ನೋಡುವುದಕ್ಕಿಂತ ಹೆಚ್ಚಾಗಿ ಮೂಸಿದರು. ಕೇಳಿದವರಿಗೆಲ್ಲ ಭಾಗೀರಥಿಬಾಯಿ, "ನಮ್ಮ ಸೊಸೀ ತವರಮನೀದು. ಅವರಣ್ಣ ಭಾಳ ಶಾಣ್ಯಾ" ಎಂದು ಹೇಳುವುದನ್ನು ನಾನು ಪಡಸಾಲೆಯ ಕಂಬದ ಮರೆಯಲ್ಲಿ ನಿಂತು ಏಳು ಸಲ ಕೇಳಿದೆ. ಎಂಟನೆಯ ಸಲಕ್ಕೆ ಮರೆ ಬಿಟ್ಟು ಎದುರಿಗೇ ಬಂದು ನಿಂತೆ. ಗೆದ್ದವನು ಅಲ್ಲಿಗೇ ಊರ ದಾರಿ ಹಿಡಿಯಬೇಕಿತ್ತು. ನಾನು ಎಳ್ಳು ಮಲಗಿಸುವ ವಿದ್ಯೆ, ಹೂವಿನ ಹದ, ಪಾಕದ ಹದ, ಎಲ್ಲ ನನ್ನದೇ ಎಂದು ಪಾಠ ಮಾಡತೊಡಗಿದೆ.

"ಹಂಗಾದ್ರ ಓಣಿಯವರಿಗೆ ಒಂದು ಘಾಣ ಕುಸರೆಳ್ಳು ಮಾಡಿ ತೋರಸ್ರಿ" ಎಂದರು ಭಾಗೀರಥಿಬಾಯಿ.

"ಎಳ್ಳು ಹನ್ನೆರಡು ದಿನಾ ಮಲಗಬೇಕಲ್ರಿ."

"ಅದು ಆಮ್ಯಾಲ ಮಲಗ್ಲಿ. ಈಗ ನೀವು ಬರೇ ಎಳ್ಳಿನ ಮ್ಯಾಲ ಪಾಕದ ಹದಾ ತೋರಸ್ರಿ" ಎಂದು ಶೆಗಡಿಯನ್ನು ತಂದು ಮುಂದಿಟ್ಟೇಬಿಟ್ಟರು.

ಕುಳಿತೆ. ಒಂದು ಹನಿ ಬಿಡಬೇಕಾದಲ್ಲಿ ಒಂದು ಸೌಟು ಬಿಟ್ಟೆ. ಎಳ್ಳೆಲ್ಲ ಒಂದೇ ಗಟ್ಟಿಯಾಯಿತು. ಬಿಡಿಸಲು ಹೋಗಿ ಬೆರಳು ಸುಟ್ಟುಕೊಂಡು "ಅಯ್ಯಯ್ಯೋ" ಎಂದು ಹಾರಿದೆ. ಮೊದಲು ನಕ್ಕವಳು ಗಂಗಾ. ಅತ್ತೆಯ ಎದುರಿಗೇ, ಬಾಯಿಗೆ ಸೆರಗು ಹಿಡಿಯದೆ, ಚಿಕ್ಕಂದಿನಲ್ಲಿ ನಕ್ಕಂತೆ ನಕ್ಕಳು. ಭಾಗೀರಥಿಬಾಯಿ ಅವಳ ಹೆಗಲ ಮೇಲೆ ಕೈಯಿಟ್ಟು, "ನೋಡ ಗಂಗಾ, ನಿಮ್ಮಣ್ಣನ ಹದಾ!" ಎಂದು ತಾವೂ ನಕ್ಕರು. ಆ ಇಬ್ಬರೂ ಒಂದಾಗಿ ನಗುವುದನ್ನು ಕಂಡು ನನ್ನ ಕಣ್ಣು ತುಂಬಿತು. ಹೆಂಗಸರು ಅದನ್ನು ಸುಟ್ಟ ಬೆರಳಿನ ಲೆಕ್ಕಕ್ಕೆ ಹಿಡಿದು ಬೆಣ್ಣೆ ತಂದರು. ನಾನು ಮತ್ತೆ ಪರಾತದ ಮುಂದೆ ಕುಳಿತು ಎರಡನೆಯ ಸಲ ಬೆರಳು ಸುಟ್ಟುಕೊಂಡದ್ದು, ಆ ನಗು ನಿಲ್ಲಬಾರದೆಂದು, ಬೇಕೆಂದೇ ಎಂದು ಈಗ ಹೇಳಬಹುದು. ಮೂರನೆಯದು ಮಾತ್ರ ನಿಜವಾಗಿಯೂ ತಪ್ಪಿಯೇ.